ಮನೆಯಲ್ಲೊಬ್ಬಳು ವಕೀಲೆ

ಮಗಳು ಕಾನೂನು ಓದುತ್ತೇನೆಂದರೆ ನಮ್ಮ ಅನೇಕ ಮನೆಗಳಲ್ಲಿ, "ಹೆಣ್ಣು ಮಕ್ಕಳಿಗೆ ಕೋರ್ಟು ಕಚೇರಿ ಏಕೆ?" ಎನ್ನುತ್ತಾರೆ. ಆದರೆ ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಾಧೀಶರು ಮುಸ್ಲಿಮ್ ಮಹಿಳೆಯೇ. 1950ರಲ್ಲಿ ವಕೀಲಿ ಆರಂಭಿಸಿದ ಕೇರಳದ ಎಂ. ಫಾತಿಮಾ ಬೀವಿ 1989ರಲ್ಲಿ ಆ ಪೀಠವೇರಿದರು.

ಬೀದರ್, ಭಾಲ್ಕಿ, ಔರಾದ್‌ನ ಹುಡುಗಿಯರಲ್ಲಿ ಇದಕ್ಕೆ ಬೇಕಾದ ಬಂಡವಾಳವೊಂದಿದೆ: ಭಾಷೆ. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ನೆರೆಹೊರೆಯಲ್ಲಿ ಮರಾಠಿ. 1948ರವರೆಗೆ ಇದು ನಿಜಾಮರ ಸೀಮೆ. ಆ ಕಾಲದ ಜಮೀನಿನ ಉರ್ದು ಕಾಗದಪತ್ರಗಳನ್ನು ಓದಿ, ಕನ್ನಡದಲ್ಲಿ ವಾದಿಸಬಲ್ಲ ವಕೀಲರು ಆಸ್ತಿಯ ವ್ಯಾಜ್ಯಗಳಿಗೆ ಬೇಕು.

ಪಿಯುಸಿ ನಂತರ 5 ವರ್ಷ ಅಥವಾ ಪದವಿಯ ನಂತರ 3 ವರ್ಷದ ಕೋರ್ಸ್. ಕಲಬುರಗಿಯಲ್ಲೇ ಹೈಕೋರ್ಟ್ ಪೀಠವಿದೆ. ನ್ಯಾಯಾಧೀಶೆಯಾಗುವ ಹಂಬಲವಿದ್ದರೆ ದಾರಿ ಇನ್ನೂ ದೀರ್ಘ: ಸಿವಿಲ್ ನ್ಯಾಯಾಧೀಶರ ಪರೀಕ್ಷೆಗೆ 3 ವರ್ಷದ ವಕೀಲಿ ಅಗತ್ಯವೆಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದ್ದರಿಂದ ಹೆತ್ತವರೇ, ಮಗಳಿಗೆ ಸಮಯ ಕೊಡಿ. ನಡುವೆ ಸಂಬಂಧ ಕೂಡಿಬಂದರೆ, ಓದು ಮತ್ತು ವೃತ್ತಿಯ ಮಾತನ್ನು ನಿಕಾಹ್‌ಗೆ ಮೊದಲೇ ಸ್ಪಷ್ಟಪಡಿಸಿ.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಆದಾಯವೆಷ್ಟೇ ಇರಲಿ, ಉಚಿತ ವಕೀಲರ ನೆರವಿದೆ. ಆದರೆ ಮಹ್ರ್, ಜೀವನಾಂಶ, ತವರಿನ ಪಾಲು ಎಂದು ಬರುವ ಸಹೋದರಿಗೆ ತನ್ನ ಸಂಕಟವನ್ನು ಗಂಡಸರ ಮುಂದೆ ಬಿಡಿಸಿ ಹೇಳಲು ಸಂಕೋಚ. ಆಕೆಯ ಮಾತನ್ನು ಆಕೆಯದೇ ಭಾಷೆಯಲ್ಲಿ ಕೇಳುವವಳು ನಿಮ್ಮ ಮಗಳೇ ಏಕಾಗಬಾರದು?