ಸಾಲದ ಪದವಿಗೆ ಕೈಚಾಚುವ ಮುನ್ನ

ದ್ವಿತೀಯ ಪಿಯುಸಿಯ ಫಲಿತಾಂಶ ಪ್ರಕಟವಾಗಿ, ಸಿಇಟಿಯ ರ‍್ಯಾಂಕು ಕೈಗೆ ಬಂದು, ಸೀಟು ಹಂಚಿಕೆಯ ಸುತ್ತುಗಳು ಒಂದೊಂದಾಗಿ ಮುಗಿಯತೊಡಗಿದ ತಿಂಗಳುಗಳಲ್ಲಿ ಬೆಂಗಳೂರಿನ ಅಬ್ಬಿಗೆರೆಯಂಥ ಬಡಾವಣೆಯ ಅನೇಕ ಮನೆಗಳಲ್ಲಿ ಒಂದೇ ಬಗೆಯ ಸಮಾಲೋಚನೆ ನಡೆಯುತ್ತದೆ: ತಾಯಿಯ ಒಡವೆಯನ್ನು ಅಡವಿಡುವುದೋ, ಅವಧಿಗೆ ಮೊದಲೇ ಚೀಟಿ ಎತ್ತುವುದೋ, ಊರಿನಲ್ಲಿ ಉಳಿದಿರುವ ಅರ್ಧ ಎಕರೆಯನ್ನು ಮಾರಿಬಿಡುವುದೋ ಎಂದು. ಬಯಸಿದ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ದೊರೆಯದ ಹುಡುಗನಿಗೆ ಮ್ಯಾನೇಜ್‌ಮೆಂಟ್ ಸೀಟನ್ನಾದರೂ ಕೊಡಿಸಬೇಕೆಂಬ ತಂದೆತಾಯಿಯರ ಹಂಬಲದಲ್ಲಿ ಪ್ರೀತಿಯಿದೆ, ತ್ಯಾಗವಿದೆ. ಅದನ್ನು ಹಗುರವಾಗಿ ಕಾಣುವ ಅಧಿಕಾರ ಯಾರಿಗೂ ಇಲ್ಲ. ಆದರೆ ಮಿತವಾದ ವರಮಾನದ ಕುಟುಂಬವು ತನ್ನ ಇಪ್ಪತ್ತು ವರ್ಷಗಳ ದುಡಿಮೆಯ ಫಲವನ್ನು ಇಂಥದೊಂದು ಸೀಟಿಗೆ ಸುರಿಯುವುದು ಬಹುಪಾಲು ಸಂದರ್ಭಗಳಲ್ಲಿ ಅನಾವಶ್ಯಕವೆಂದೂ, ಅದಕ್ಕಿಂತ ಸುಭದ್ರವಾದ ಮಾರ್ಗವೊಂದು ಈ ನೆರೆಯಲ್ಲಿಯೇ ಬಹುಕಾಲದಿಂದ ತೆರೆದಿದೆಯೆಂದೂ ನಾನು ದೃಢವಾಗಿ ನಂಬಿದ್ದೇನೆ.

ಮೊದಲು ಲೆಕ್ಕವನ್ನು ನೋಡೋಣ. ವರ್ಷಕ್ಕೆ ೨.೫ ಲಕ್ಷ ರೂಪಾಯಿಯಂತೆ ನಾಲ್ಕು ವರ್ಷಗಳಿಗೆ ೧೦ ಲಕ್ಷ ರೂಪಾಯಿಯನ್ನು ಶೇಕಡ ೧೦ರ ಬಡ್ಡಿಗೆ ಬ್ಯಾಂಕಿನಿಂದ ಪಡೆದರೆಂದು ಭಾವಿಸಿ. ವ್ಯಾಸಂಗದ ಅವಧಿ ಮತ್ತು ಅದರ ನಂತರದ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲವೆಂಬುದು ನಿಜ. ಆದರೆ ಆ ಐದು ವರ್ಷಗಳಲ್ಲಿ ಬಡ್ಡಿಯು ವಿಶ್ರಮಿಸುವುದಿಲ್ಲ. ಮೊದಲ ವರ್ಷದ ಹಣಕ್ಕೆ ಐದು ವರ್ಷ, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಮೂರು, ಕೊನೆಯದಕ್ಕೆ ಎರಡು ವರ್ಷಗಳ ಸರಳ ಬಡ್ಡಿಯನ್ನು ಕೂಡಿಸಿದರೆ ೩.೫ ಲಕ್ಷವಾಗುತ್ತದೆ, ಅಸಲು ೧೩.೫ ಲಕ್ಷಕ್ಕೆ ಏರುತ್ತದೆ. ಅದನ್ನು ಹತ್ತು ವರ್ಷಗಳಲ್ಲಿ ತೀರಿಸಲು ತಿಂಗಳಿಗೆ ಸುಮಾರು ೧೭,೮೦೦ ರೂಪಾಯಿ ಕಟ್ಟಬೇಕು. ಒಟ್ಟು ತೆತ್ತದ್ದು ೨೧ ಲಕ್ಷವನ್ನು ಮೀರುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಕಂಪನಿಗಳಲ್ಲಿ ಹೊಸಬರ ಸಂಬಳವು ಬಹಳ ವರ್ಷಗಳಿಂದ ವಾರ್ಷಿಕ ಮೂರೂವರೆ ಲಕ್ಷದ ಆಸುಪಾಸಿನಲ್ಲಿಯೇ ನಿಂತಿದೆಯೆಂಬುದನ್ನು ಬಲ್ಲವರಿಗೆ, ಕೈಗೆ ಬರುವ ಆ ಇಪ್ಪತ್ತೈದು ಇಪ್ಪತ್ತಾರು ಸಾವಿರದಲ್ಲಿ ಕಂತನ್ನು ಕಳೆದು ಉಳಿಯುವುದೆಷ್ಟೆಂದು ಬೇರೆ ಹೇಳಬೇಕಾಗಿಲ್ಲ. ಆ ನೌಕರಿಯೂ ಕೂಡಲೇ ಸಿಕ್ಕಿದರೆ ಈ ಮಾತು.

ಅಬ್ಬಿಗೆರೆಯ ಕುಟುಂಬಕ್ಕೆ ಇನ್ನೊಂದು ತೊಡಕೂ ಉಂಟು. ಬ್ಯಾಂಕುಗಳ ಮಾದರಿ ಯೋಜನೆಯ ಪ್ರಕಾರ ೪ ಲಕ್ಷದವರೆಗಿನ ವಿದ್ಯಾಭ್ಯಾಸ ಸಾಲಕ್ಕೆ ಆಸ್ತಿಯ ಆಧಾರ ಬೇಕಿಲ್ಲ, ೭.೫ ಲಕ್ಷದವರೆಗೆ ಜಾಮೀನುದಾರನೊಬ್ಬ ಸಾಕು. ಅದನ್ನು ದಾಟಿದೊಡನೆ ಸ್ಥಿರಾಸ್ತಿಯ ಕಾಗದ ಕೇಳುತ್ತಾರೆ. ಕೃಷಿಭೂಮಿಯನ್ನು ತುಂಡುಮಾಡಿ ಮಾರಿದ ರೆವಿನ್ಯೂ ನಿವೇಶನಗಳು ನಗರದ ಅಂಚಿನ ಈ ಭಾಗಗಳಲ್ಲಿ ಹೇರಳವಾಗಿದ್ದು, ಬಿ ಖಾತೆಯ ಕಾಗದವನ್ನು ಒಯ್ದವರಿಗೆ ಬ್ಯಾಂಕಿನ ಮ್ಯಾನೇಜರು ತಲೆಯಲ್ಲಾಡಿಸಿ ಕಳುಹಿಸುವುದೇ ಹೆಚ್ಚು. ಹೀಗೆ ಹಿಂದಿರುಗಿದವರು ಕೈಸಾಲಕ್ಕೋ ಚಿನ್ನದ ಸಾಲಕ್ಕೋ ಮೊರೆಹೋಗುತ್ತಾರೆ. ಅಲ್ಲಿ ಬಡ್ಡಿ ಹೆಚ್ಚು, ಕಾಯುವ ಅವಧಿಯೆಂಬುದು ಇಲ್ಲವೇ ಇಲ್ಲ.

ಈಗ ನೆರೆಯನ್ನು ಒಮ್ಮೆ ನೋಡಬೇಕು. ೧೯೫೩ರಲ್ಲಿ ಎಚ್.ಎಂ.ಟಿ.ಯೂ, ೧೯೫೪ರಲ್ಲಿ ಬಿ.ಇ.ಎಲ್. ಕೂಡ ಜಾಲಹಳ್ಳಿಯ ಸುತ್ತ ನೆಲೆಗೊಂಡವು. ೧೯೭೦ರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವು ಬೆಳೆಯತೊಡಗಿ, ಅದರ ಸಣ್ಣ ಶೆಡ್ಡುಗಳು ಕಾಲಕ್ರಮದಲ್ಲಿ ಅಬ್ಬಿಗೆರೆಯ ಬೀದಿಗಳವರೆಗೂ ಹಬ್ಬಿದುವು. ಆ ಮೊದಲ ಕಾರ್ಖಾನೆಗಳಿಗೆ ಅಪ್ರೆಂಟಿಸರಾಗಿ ಸೇರಿದ ಹುಡುಗರು ಅರದ ಹಿಡಿತದಿಂದ ಆರಂಭಿಸಿ ಮೈಕ್ರೋಮೀಟರಿನ ಸೂಕ್ಷ್ಮದವರೆಗೆ ಕಲಿತು, ಸ್ಟೈಪೆಂಡಿನಲ್ಲಿ ಒಂದಷ್ಟನ್ನು ಊರಿಗೆ ಕಳುಹಿಸಿ, ಕೆಲವರು ಸಂಜೆಯ ಹೊತ್ತು ಎ.ಎಂ.ಐ.ಇ. ಪರೀಕ್ಷೆಗೆ ಓದಿ ಎಂಜಿನಿಯರುಗಳಾದುದು ಈ ಭಾಗದ ಹಳೆಯ ಮನೆಗಳಿಗೆ ಗೊತ್ತಿರುವ ಸಂಗತಿ. ೧೯೬೧ರ ಅಪ್ರೆಂಟಿಸ್ ಕಾಯಿದೆಯು ಈ ಪದ್ಧತಿಗೆ ಶಾಸನದ ಬಲವನ್ನೂ ಕೊಟ್ಟಿತು. ಅದಕ್ಕೂ ಹಿಂದೆ, ಭದ್ರಾವತಿಯ ಕಾರ್ಖಾನೆಯಿಂದ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ತಾವು ಮುಟ್ಟದೆ ಒಂದು ಕಸುಬಿನ ಶಾಲೆಗಾಗಿ ವಿನಿಯೋಗಿಸಬೇಕೆಂದ ವಿಶ್ವೇಶ್ವರಯ್ಯನವರ ಸಂಕಲ್ಪದಿಂದ, ೧೯೪೩ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಹುಟ್ಟಿತ್ತು. ಎಂಜಿನಿಯರಿಂಗ್ ಕಾಲೇಜನ್ನು ಆಗಲೇ ಕಂಡಿದ್ದ ರಾಜ್ಯದಲ್ಲಿ ಆ ಮೇಧಾವಿಯು ಕಸುಬಿನ ಶಾಲೆಗಾಗಿ ತಮ್ಮ ಗಳಿಕೆಯನ್ನು ಮೀಸಲಿಟ್ಟರೆಂಬುದನ್ನು ನಾವು ಮರೆಯಬಾರದು.

ಆ ಸಂಸ್ಥೆಯು ಇಂದು ಕೆ.ಆರ್. ವೃತ್ತದ ಬಳಿಯ ಸರ್ಕಾರಿ ಪಾಲಿಟೆಕ್ನಿಕ್. ಅಬ್ಬಿಗೆರೆಯ ವಿದ್ಯಾರ್ಥಿ ಜಾಲಹಳ್ಳಿಯಲ್ಲಿ ಮೆಟ್ರೊ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಅಲ್ಲಿಗೆ ತಲಪಬಹುದು; ವಿದ್ಯಾರ್ಥಿನಿಯಾದರೆ ೨೦೨೩ರಿಂದ ಸಾಮಾನ್ಯ ಬಸ್ಸಿನ ಪ್ರಯಾಣಕ್ಕೆ ಟಿಕೆಟ್ಟಿನ ಹಣವೂ ಇಲ್ಲ. ಸರ್ಕಾರಿ ಪಾಲಿಟೆಕ್ನಿಕ್ಕಿನ ವಾರ್ಷಿಕ ಶುಲ್ಕ ಕೆಲವು ಸಾವಿರಗಳನ್ನು ದಾಟುವುದಿಲ್ಲ. ಮನೆಯ ಊಟ, ಮನೆಯ ಹಾಸಿಗೆ, ಹಾಸ್ಟೆಲಿನ ಖರ್ಚಿಲ್ಲ. ಎಸ್‌ಎಸ್‌ಎಲ್‌ಸಿಯ ನಂತರ ಮೂರು ವರ್ಷದಲ್ಲಿ ಡಿಪ್ಲೊಮಾ ಮುಗಿಯುತ್ತದೆ. ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದರೆ ಎಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ಐಟಿಐ ಮುಗಿಸಿದವನಿಗೂ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ದಾರಿಯಿದೆ. ೧೯೭೨ರಲ್ಲಿ ಡೆನ್ಮಾರ್ಕಿನ ನೆರವಿನೊಡನೆ ರಾಜಾಜಿನಗರದಲ್ಲಿ ಸ್ಥಾಪಿತವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರದಲ್ಲಿ (ಜಿ.ಟಿ.ಟಿ.ಸಿ.) ಟೂಲ್ ಅಂಡ್ ಡೈ ಡಿಪ್ಲೊಮಾ ಓದುವವನು ಮೂರು ವರ್ಷ ತರಗತಿ ಮತ್ತು ಯಂತ್ರಶಾಲೆಯಲ್ಲಿ ಕಲಿತು ನಾಲ್ಕನೆಯ ವರ್ಷವನ್ನು ಕಾರ್ಖಾನೆಯೊಳಗೇ ಕಳೆಯುತ್ತಾನೆ. ಹತ್ತೊಂಬತ್ತು ಇಪ್ಪತ್ತರ ವಯಸ್ಸಿಗೆ ಡ್ರಾಯಿಂಗ್ ಓದಬಲ್ಲ, ಸಿಎನ್‌ಸಿ ಯಂತ್ರವನ್ನು ಸೆಟ್ಟಿಂಗ್ ಮಾಡಬಲ್ಲ ಯುವಕನು, ಎರಡು ವರ್ಷ ದುಡಿದು ಕೈಯಲ್ಲಿ ಹಣವಿಟ್ಟುಕೊಂಡು, ತನಗೆ ಯಾವ ಶಾಖೆ ಒಗ್ಗುತ್ತದೆಂಬ ಅರಿವಿನೊಡನೆ ಪದವಿಗೆ ಹೋಗುವುದಕ್ಕೂ, ಹದಿನೆಂಟರಲ್ಲಿ ಸಾಲದ ಕಾಗದಕ್ಕೆ ರುಜು ಹಾಕಿ ಹೋಗುವುದಕ್ಕೂ ಬಹಳ ಅಂತರವಿದೆ.

ಇದಕ್ಕೆ ಬರುವ ಆಕ್ಷೇಪಣೆಗಳಲ್ಲಿ ಎರಡು ತೂಕವುಳ್ಳವು. ಶ್ರೀಮಂತರ ಮಕ್ಕಳು ಎಂಜಿನಿಯರುಗಳಾಗಲಿ, ಬಡವರ ಮಕ್ಕಳು ಲೇತಿನ ಮುಂದೆ ನಿಲ್ಲಲಿ ಎಂದು ಉಪದೇಶಿಸಿದಂತಾಗಲಿಲ್ಲವೇ ಎಂಬುದು ಮೊದಲನೆಯದು. ಮೆಟ್ಟಿಲಿನ ತುದಿಯ ಬಾಗಿಲು ಮುಚ್ಚಿದ್ದರೆ ಆ ಆರೋಪವು ಸತ್ಯವೇ ಆಗುತ್ತಿತ್ತು. ಡಿಪ್ಲೊಮಾದಿಂದ ಪದವಿಗೆ ಲ್ಯಾಟರಲ್ ಪ್ರವೇಶವು ಇರುವವರೆಗೆ ಅದು ಪೂರ್ಣ ಸತ್ಯವಲ್ಲ. ಅಲ್ಲದೆ ಒಳ್ಳೆಯ ರ‍್ಯಾಂಕು ಪಡೆದ ಬಡ ವಿದ್ಯಾರ್ಥಿಯು ನೇರವಾಗಿಯೇ ಕಾಲೇಜಿಗೆ ಹೋಗಬೇಕು, ಹೋಗಲು ಸಾಧನಗಳೂ ಇವೆ: ವಾರ್ಷಿಕ ವರಮಾನ ೮ ಲಕ್ಷ ಮೀರದ ಕುಟುಂಬಗಳಿಗಾಗಿ ಬೋಧನಾ ಶುಲ್ಕವಿಲ್ಲದ ಶೇಕಡ ೫ರ ಎಸ್‌ಎನ್‌ಕ್ಯೂ ಸೀಟುಗಳುಂಟು, ರಾಜ್ಯದ ವಿದ್ಯಾರ್ಥಿವೇತನ ಜಾಲತಾಣವಾದ ಎಸ್‌ಎಸ್‌ಪಿ ಮೂಲಕ ಅರ್ಜಿ ಹಾಕುವ ವಿದ್ಯಾರ್ಥಿವೇತನಗಳುಂಟು, ವರಮಾನ ೪.೫ ಲಕ್ಷದೊಳಗಿದ್ದರೆ ಮಾನ್ಯ ಸಂಸ್ಥೆಗಳಲ್ಲಿನ ವೃತ್ತಿಶಿಕ್ಷಣದ ಸಾಲಕ್ಕೆ ವ್ಯಾಸಂಗದ ಅವಧಿಯ ಬಡ್ಡಿಯನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆಯುಂಟು. ವರಮಾನ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆಯದೆ ಇವನ್ನು ಕಳೆದುಕೊಳ್ಳುವವರನ್ನು ಕಂಡಾಗ ಬಹಳ ಸಂಕಟವಾಗುತ್ತದೆ.

ಎರಡನೆಯ ಆಕ್ಷೇಪಣೆ ಇನ್ನೂ ಕಠಿಣವಾದುದು: ಪೀಣ್ಯದ ಶೆಡ್ಡುಗಳಲ್ಲಿ ಕಲಿತವನಿಗೆ ಕೊಡುವ ಕೂಲಿಯೆಷ್ಟು? ಅನೇಕ ಕಡೆಗಳಲ್ಲಿ ಕಡಮೆ, ನಾನಿದನ್ನು ಅಲ್ಲಗಳೆಯಲಾರೆ. ಡಿಪ್ಲೊಮಾ ಪಡೆದವನನ್ನು ಗುತ್ತಿಗೆಯ ಮೇಲೆ ಹೆಲ್ಪರನಂತೆ ದುಡಿಸಿ, ಪಿ.ಎಫ್. ಇಲ್ಲದೆ, ಇ.ಎಸ್.ಐ. ಇಲ್ಲದೆ ನಡೆಸಿಕೊಳ್ಳುವ ಮಾಲೀಕನೇ ನುರಿತ ಕೈಗಳು ಸಿಗುವುದಿಲ್ಲವೆಂದು ಗೋಳಿಡುವುದು ನ್ಯಾಯವಲ್ಲ. ೨೦೧೯ರಲ್ಲಿ ತಿದ್ದುಪಡಿಯಾದ ನಿಯಮಗಳು ಡಿಪ್ಲೊಮಾ ಅಪ್ರೆಂಟಿಸನಿಗೆ ತಿಂಗಳಿಗೆ ಕನಿಷ್ಠ ೮,೦೦೦ ರೂಪಾಯಿಯನ್ನು ನಿಗದಿಪಡಿಸಿದವು. ಕನಿಷ್ಠದ ಅರ್ಧವನ್ನು ಸರ್ಕಾರವೇ ತುಂಬಿಕೊಡುವಾಗಲೂ ಹುಡುಗರನ್ನು ಕಾಯಿದೆಯಡಿ ನೋಂದಾಯಿಸಿಕೊಳ್ಳದೆ ಇಟ್ಟುಕೊಳ್ಳುವುದಕ್ಕೆ ಏನು ಕಾರಣ ಹೇಳಬಹುದು? ಮಾಲೀಕರು ಈ ವಿಷಯದಲ್ಲಿ ಬದಲಾಗದಿದ್ದರೆ ನಾನು ಹೊಗಳುತ್ತಿರುವ ಮಾರ್ಗವು ತಂದೆತಾಯಿಯರ ಕಣ್ಣಿಗೆ ಎಂದಿಗೂ ಗೌರವದ ಮಾರ್ಗವಾಗಿ ಕಾಣದು, ಕಾಣಬೇಕೆಂದು ಕೇಳುವುದೂ ತಪ್ಪಾಗುತ್ತದೆ.

ವಾಣಿಜ್ಯದ ಒಲವಿರುವವರ ವಿಷಯದಲ್ಲಿಯೂ ಇದೇ ಮಾತು: ಸರ್ಕಾರಿ ಪ್ರಥಮದರ್ಜೆ ಕಾಲೇಜಿನ ಬಿ.ಕಾಂ. ಜೊತೆಗೆ ಸಿ.ಎ. ಓದುತ್ತ, ಎರಡು ವರ್ಷದ ಆರ್ಟಿಕಲ್‌ಶಿಪ್ಪಿನಲ್ಲಿ ಸ್ವಲ್ಪವಾದರೂ ಸಂಪಾದಿಸುವ ಹುಡುಗಿಗೆ ದುಬಾರಿಯಾದ ಬಿ.ಬಿ.ಎ.ಯ ಅಗತ್ಯ ಕಾಣುವುದಿಲ್ಲ.

ಮ್ಯಾನೇಜ್‌ಮೆಂಟ್ ಸೀಟೇ ಬೇಕೆಂದು ನಿಶ್ಚಯಿಸಿದವರಾದರೂ ಮುಂಗಡ ಕಟ್ಟುವ ಮೊದಲು ಕಾಲೇಜಿನ ಕಚೇರಿಯಲ್ಲಿ ನಾಲ್ಕೂ ವರ್ಷದ ಒಟ್ಟು ವೆಚ್ಚವನ್ನು ಬರಹದಲ್ಲಿ ಕೇಳಲಿ. ಅತಿ ಹೆಚ್ಚಿನ ಸಂಬಳ ಪಡೆದ ಒಬ್ಬನ ಭಾವಚಿತ್ರವನ್ನು ನೋಡಿ ಹಿಂದಿರುಗದೆ, ಕಳೆದ ವರ್ಷ ಅದೇ ಶಾಖೆಯಲ್ಲಿ ತೇರ್ಗಡೆಯಾದವರಲ್ಲಿ ನಡುವಿನ ವಿದ್ಯಾರ್ಥಿಗೆ ಸಿಕ್ಕ ಸಂಬಳವೆಷ್ಟೆಂದು ವಿಚಾರಿಸಲಿ. ಬರಹದಲ್ಲಿ ಕೊಡಲೊಪ್ಪದ ಕಚೇರಿಗೆ ಹಣ ಕಟ್ಟತಕ್ಕದ್ದಲ್ಲ.