ನಿಲ್ಲುವುದು ಬೇರೆ, ತಳವೂರುವುದು ಬೇರೆ

ವಾಹನ ನಿಲುಗಡೆಯ ತಾಣವನ್ನು ಮರಾಠಿಯಲ್ಲಿ ‘ವಾಹನತಳ’ ಎನ್ನುತ್ತಾರೆ. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನನಗೆ ಆ ಪದವನ್ನು ಕಂಡಾಗಲೆಲ್ಲ ಕನ್ನಡದ ‘ತಳವೂರು’ ಎಂಬ ಮಾತು ನೆನಪಾಗುತ್ತದೆ. ಸೊಲ್ಲಾಪುರದ ನವೀ ಪೇಠೆಯಲ್ಲಿ ಬೆಳಿಗ್ಗೆ ನಿಂತ ಗಾಡಿ ಸಂಜೆಯವರೆಗೂ ಕದಲದಿರುವುದನ್ನು ನೋಡಿದರೆ, ಅಲ್ಲಿ ವಾಹನಗಳು ನಿಜಕ್ಕೂ ತಳವೂರಿವೆ ಎನ್ನಬೇಕು.

2016ರ ಜನವರಿಯಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು. ಸ್ಮಾರ್ಟ್ ಸಿಟಿಯೆಂದೊಡನೆ ‘ಸ್ಮಾರ್ಟ್ ಪಾರ್ಕಿಂಗ್’ ಮಾತೂ ಬರುತ್ತದೆ. ಅದರ ತತ್ತ್ವ ಸರಳ. ನೆಲದಲ್ಲಿ ಹುದುಗಿಸಿದ ಸಂವೇದಕವು, ಮೇಲೆ ವಾಹನ ಬಂದು ನಿಂತಾಗ ಕಾಂತಕ್ಷೇತ್ರದಲ್ಲಾಗುವ ವ್ಯತ್ಯಾಸವನ್ನು ಗುರುತಿಸುತ್ತದೆ. ಯಾವ ಜಾಗ ತೆರವಾಗಿದೆಯೆಂಬುದು ಚಾಲಕನ ಮೊಬೈಲಿನಲ್ಲಿ ಮೂಡುತ್ತದೆ. ಜಾಗ ಹುಡುಕುತ್ತ ಸುತ್ತುವ ಕಾಲವೂ ಇಂಧನವೂ ಉಳಿಯುತ್ತವೆ. ಇದನ್ನು ಬೇಡವೆನ್ನಲು ಕಾರಣವಿಲ್ಲ. ಆದರೆ ಯಾವ ಜಾಗವನ್ನು ‘ತೆರವು’ ಎನ್ನಬೇಕೆಂಬುದನ್ನು ಯಂತ್ರಕ್ಕೆ ಹೇಳಿಕೊಡುವವರು ಯಾರು?

ಒಂದು ಗುರುವಾರ ಅಕ್ಕಲಕೋಟೆಗೆ ಹೋಗಿದ್ದೆ. ಸ್ವಾಮಿ ಸಮರ್ಥರ ದರ್ಶನಕ್ಕೆ ಬಂದವರಿಂದ ಬೀದಿಗಳು ತುಂಬಿದ್ದವು. ಅವಸರದಲ್ಲಿ ಸ್ಕೂಟರನ್ನು ಗೋಡೆಯ ನೆರಳಿಗೆ ನಿಲ್ಲಿಸಿ ಒಳಗೆ ನಡೆದೆ. ಎರಡು ಗಂಟೆಯ ಬಳಿಕ ಮರಳಿದಾಗ, ಹೂ ಮಾರುವ ವೃದ್ಧೆಯೊಬ್ಬರು ಪಕ್ಕದ ಬಿಸಿಲಿನಲ್ಲಿ ಬುಟ್ಟಿಯಿಟ್ಟುಕೊಂಡು ಕುಳಿತಿದ್ದರು. ಆ ನೆರಳು ಅವರು ನಿತ್ಯ ಕೂರುವ ಜಾಗವಾಗಿತ್ತು. ಅವರು ಬೈಯಲಿಲ್ಲ, ಬಾಡುತ್ತಿದ್ದ ಮಲ್ಲಿಗೆಗೆ ನೀರು ಚಿಮುಕಿಸುತ್ತ ಮುಖ ತಿರುಗಿಸಿದರು. ಸಂವೇದಕವಿದ್ದಿದ್ದರೂ ಆ ಜಾಗವನ್ನು ನನಗೆ ‘ಖಾಲಿ’ ಎಂದೇ ತೋರಿಸುತ್ತಿತ್ತು.

2011ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರವು ಸುಮಾರು 7,000 ನಿಲುಗಡೆ ಜಾಗಗಳಲ್ಲಿ ಇಂತಹ ವ್ಯವಸ್ಥೆ ತಂದಾಗ, ಬೇಡಿಕೆ ಹೆಚ್ಚಿದ್ದ ಬೀದಿಯಲ್ಲಿ ಶುಲ್ಕ ಏರಿಸಿತು, ಕಡಿಮೆಯಿದ್ದಲ್ಲಿ ಇಳಿಸಿತು. ಯಾರೂ ತಳವೂರದೆ, ಬೀದಿಬೀದಿಗೂ ಒಂದೆರಡು ಜಾಗ ತೆರವಾಗಿರಲಿ ಎಂಬುದು ಅದರ ಉದ್ದೇಶ. ನಮ್ಮಲ್ಲಿ ಅದಕ್ಕೂ ಮೊದಲೊಂದು ಕೆಲಸವಿದೆ. ಪಾದಚಾರಿಗೆ, ಆಂಬುಲೆನ್ಸಿಗೆ, ಬುಟ್ಟಿ ವ್ಯಾಪಾರಿಗೆ ಸೇರಿದ ನೆಲವನ್ನು ಮೊದಲು ಗುರುತಿಸಬೇಕು, ಉಳಿದುದರಲ್ಲಿ ವಾಹನಗಳಿಗೆ ಕಾಲಮಿತಿಯೂ ಶುಲ್ಕವೂ ಬರಲಿ, ಸಂವೇದಕ ಆಮೇಲೆ. ಕಲಬುರಗಿ, ವಿಜಯಪುರಗಳ ಕಡೆಯಿಂದ ಬರುವ ಯಾತ್ರಿಕರಿಗಾಗಿ ಸೂಚನಾ ಫಲಕಗಳು ಮರಾಠಿಯ ಜೊತೆಗೆ ಕನ್ನಡದಲ್ಲೂ ಇರಲಿ.

ಈಗ ನಾನು ಅಕ್ಕಲಕೋಟೆಯಲ್ಲಿ ಗಾಡಿಯನ್ನು ದೂರ ನಿಲ್ಲಿಸಿ ನಡೆದುಹೋಗುತ್ತೇನೆ. ನಮ್ಮ ಕಾಲೇಜಿನ ದ್ವಾರದೆದುರು ಬೈಕು ನಿಲ್ಲಿಸುವ ವಿದ್ಯಾರ್ಥಿ ಮಿತ್ರರೂ ಅಲ್ಲಿ ಮೊದಲು ಯಾರು ಕೂರುತ್ತಿದ್ದರೆಂದು ಒಮ್ಮೆ ವಿಚಾರಿಸಲಿ.