ದೇವರ ಹತ್ತಿರ ಮಾತಾಡುವವರು ಹುಚ್ಚರೇ?



ಧನುರ್ಮಾಸ ಬಂತು. ಡಿಸೆಂಬರ್ 16ರ ಹೊತ್ತಿಗೆ ಸೂರ್ಯ ಧನುರಾಶಿಗೆ ಕಾಲಿಟ್ಟನೆಂದರೆ ಸಂಕ್ರಾಂತಿಯವರೆಗೆ ನಮ್ಮ ಅಡಿಗೆಮನೆಗಳಲ್ಲಿ ಬೆಳಗಿನ ಜಾವಕ್ಕೇ ಒಲೆ ಹೊತ್ತಿಕೊಳ್ಳಬೇಕು. ಅಕ್ಕಿಗೆ ಸರಿಸಮ ಹೆಸರುಬೇಳೆ, ಬೇಳೆಯನ್ನು ಘಮ್ಮೆನ್ನುವವರೆಗೆ ಹುರಿದು, ಮೆಣಸು ಜೀರಿಗೆ ಶುಂಠಿ ತೆಂಗಿನತುರಿ ಹಾಕಿ, ಮೇಲೆ ಕೈಬಿಚ್ಚಿ ತುಪ್ಪ. ಸೂರ್ಯ ಹುಟ್ಟುವ ಮುಂಚೆ ಈ ಹುಗ್ಗಿ ದೇವರ ಮುಂದೆ ಇರಬೇಕು ಅಂತ ಶಾಸ್ತ್ರ. ಮಕ್ಕಳ ಬಾಯಿಗೆ ಬೀಳುವಾಗಲೂ ಅದು ಬಿಸಿಯಾಗಿಯೇ ಇರಬೇಕು ಅನ್ನುವುದು ನನ್ನ ಶಾಸ್ತ್ರ. ತಣ್ಣಗಾದ ಹುಗ್ಗಿಯನ್ನು ದೇವರಾದರೂ ಸಹಿಸಿಯಾನು, ಮಕ್ಕಳು ಸಹಿಸುವುದಿಲ್ಲ.

ಈ ತಿಂಗಳಿಗೆ ಸರಿಯಾಗಿ ತಾಲ್ಲೂಕು ಊರೊಂದರಿಂದ ಸೋದರಿಯೊಬ್ಬರ ಪತ್ರ ಬಂದಿದೆ. ಹೆಸರು, ಊರು ಬೇಡ. ಐವತ್ತು ದಾಟಿದವರು. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದಾರೆ. ಅತ್ತೆ ಹಾಸಿಗೆ ಹಿಡಿದು ಎರಡು ವರ್ಷ. ಬೆಳಿಗ್ಗೆ ದೀಪ ಹಚ್ಚಿ ಇವರು ದೇವರೆದುರು ಕೂತು ಮಾತಾಡುತ್ತಾರಂತೆ. ಮಂತ್ರ ಅಲ್ಲ, ಮಾತು. ಹಾಲಿನವನು ಬರಲಿಲ್ಲ, ಮಂಡಿ ನೋವು, ಮಗಳು ಫೋನು ಮಾಡಿ ವಾರವಾಯಿತು, ಹೀಗೆ. ಮನೆಯವರು ಒಂದು ದಿನ ಕೇಳಿಸಿಕೊಂಡು ನಕ್ಕರಂತೆ. ಅದಕ್ಕೇ ಇವರ ಪ್ರಶ್ನೆ: ‘ದೇವರ ಹತ್ತಿರ ಹೀಗೆ ಮಾತಾಡೋದು ಹುಚ್ಚೇ? ಇನ್ನೊಂದು ವಿಷಯ. ಈಚೆಗೆ ನನಗೆ ಬೇಗ ವೈಕುಂಠ ಸೇರಿಬಿಡೋಣ ಅನ್ನಿಸ್ತದೆ. ಹಾಗೆ ಬೇಡಿಕೊಳ್ಳೋದು ತಪ್ಪೇ?’

ಎರಡೂ ಪ್ರಶ್ನೆ ಒಂದೇ ಕಾಗದದಲ್ಲಿ ಬಂದಿವೆ. ಆದರೆ ಎರಡಕ್ಕೂ ಒಂದೇ ಉತ್ತರವಿಲ್ಲ.

ಮೊದಲನೆಯದು ಸುಲಭ. ಅದು ಹುಚ್ಚಾದರೆ ನಮ್ಮ ನಾಡಿನ ಅರ್ಧ ಸಾಹಿತ್ಯ ಹುಚ್ಚರದ್ದು! ಹನ್ನೆರಡನೆಯ ಶತಮಾನದಲ್ಲಿ ಶಿಕಾರಿಪುರದ ಹತ್ತಿರದ ಉಡುತಡಿಯಿಂದ ಹೊರಟ ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡ ಎಂದಳು. ಮುಪ್ಪು, ಮರಣ ಎರಡೂ ಮುಟ್ಟದ ಗಂಡ ಸಿಕ್ಕಿರುವಾಗ ಬೇರೆ ಯಾರು ಬೇಕು ಅಂತ ಅವಳ ವಾದ. ಶ್ರೀಶೈಲದ ಕಾಡಿನಲ್ಲಿ ಗಿಡಮರ, ಹಕ್ಕಿಗಳನ್ನೆಲ್ಲ ನಿಲ್ಲಿಸಿ ತನ್ನವನ ಸುದ್ದಿ ವಿಚಾರಿಸಿದಳು. ಇವತ್ತು ನಮ್ಮ ಪಕ್ಕದ ಬೀದಿಯಲ್ಲಿ ಯಾರಾದರೂ ಗಿಳಿಯನ್ನು ಹಾಗೆ ಕೇಳಿದ್ದರೆ ನಾವು ಏನು ಮಾಡುತ್ತಿದ್ದೆವು? ಬೇಡಿ, ಯೋಚಿಸುವುದು ಬೇಡ.

ದಾಸರ ಕಡೆ ಬಂದರೆ ಸಲಿಗೆ ಇನ್ನೂ ಹೆಚ್ಚು. ಅವರಲ್ಲಿ ನಿಂದಾಸ್ತುತಿ ಅಂತ ಒಂದು ಬಗೆಯ ಹಾಡೇ ಉಂಟು. ಹೆಸರಿಗೆ ಸ್ತುತಿ, ಕೇಳಿದರೆ ಬೈಗುಳ. ದೇವರನ್ನು ಜಿಪುಣ, ಕಳ್ಳ, ಮಾತು ತಪ್ಪಿದವನು ಅಂತೆಲ್ಲ ಹಾಡಿ, ಕೊನೆಗೆ ಅವನ ಕಾಲನ್ನೇ ಹಿಡಿಯುವುದು. ಇಷ್ಟು ಬೈಯಬೇಕಾದರೆ ಎಷ್ಟು ಹತ್ತಿರದವನಾಗಿರಬೇಕು ನೋಡಿ. ದೂರದ ನೆಂಟರನ್ನು ನಾವು ಯಾರೂ ಹಾಗೆ ಬೈಯುವುದಿಲ್ಲ. ಪುರಂದರದಾಸರು ದಾಸರಾದದ್ದಾದರೂ ಹೇಗೆ? ಕಥೆ ನಿಮಗೆ ಗೊತ್ತು. ಲೇವಾದೇವಿಯ ಶ್ರೀನಿವಾಸ ನಾಯಕನ ಹೆಂಡತಿ ಸರಸ್ವತಿ, ಬೇಡಿ ಬಂದ ಬಡ ಬ್ರಾಹ್ಮಣನಿಗೆ ತನ್ನ ಮೂಗುತಿ ಬಿಚ್ಚಿ ಕೊಟ್ಟಳು. ಆ ಮೂಗುತಿಯೇ ಅವನ ಕಣ್ಣು ತೆರೆಸಿತು. ದಾಸಸಾಹಿತ್ಯದ ಅಷ್ಟು ದೊಡ್ಡ ಹೊಳೆ ಹುಟ್ಟಿದ್ದು ಗೃಹಿಣಿಯೊಬ್ಬಳ ಮೂಗಿನ ತುದಿಯಿಂದ ಅನ್ನುವುದನ್ನು ಹರಿಕಥೆಯವರು ಸ್ವಲ್ಪ ಬೇಗನೆ ಮುಗಿಸಿಬಿಡುತ್ತಾರೆ ಅಂತ ನನ್ನ ದೂರು.

ಮೇಲುಕೋಟೆಗೆ ಹೋದವರಿಗೆ ಇನ್ನೊಂದು ಐತಿಹ್ಯ ಗೊತ್ತಿರುತ್ತದೆ. ಉತ್ಸವಮೂರ್ತಿ ಚೆಲುವಪಿಳ್ಳೆ ದೆಹಲಿಯ ಸುಲ್ತಾನನ ಅರಮನೆ ಸೇರಿತ್ತಂತೆ. ರಾಮಾನುಜಾಚಾರ್ಯರು ಹುಡುಕಿಕೊಂಡು ಹೋಗಿ, ಮಗುವನ್ನು ಕರೆಯುವ ಹಾಗೆ ಕರೆದು ತಂದರು. ಆದರೆ ಅಲ್ಲಿ ಸುಲ್ತಾನನ ಮಗಳು ಆ ಮೂರ್ತಿಯನ್ನು ಗೊಂಬೆಯಂತೆ ಆಡಿಸಿ, ಮಲಗಿಸಿ, ಮನಸ್ಸನ್ನೇ ಕೊಟ್ಟಿದ್ದಳು. ಬಿಟ್ಟಿರಲಾರದೆ ಹಿಂದೆಯೇ ಬಂದಳು. ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಅವಳಿಗೂ ಆ ಗುಡಿಯಲ್ಲಿ ದೇವರ ಪಾದದ ಬಳಿ ಜಾಗ. ಅವಳಿಗೆ ಯಾವ ಮಂತ್ರ ಬರುತ್ತಿತ್ತು? ಯಾವ ಮಡಿ ಗೊತ್ತಿತ್ತು? ಇತಿಹಾಸದವರು ಇದನ್ನು ಒಪ್ಪಲಿ ಬಿಡಲಿ, ನಮ್ಮ ಜನ ಈ ಕಥೆಯನ್ನು ಇಷ್ಟು ಶತಮಾನ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದಕ್ಕೆ ಒಂದು ಅರ್ಥ ಇದ್ದೇ ಇದೆ.

ಹಾಗಾಗಿ ಸೋದರಿ, ಹಾಲಿನವನ ವಿಷಯ ಧಾರಾಳವಾಗಿ ಹೇಳಿ. ಮಂಡಿ ನೋವನ್ನೂ ಹೇಳಿ. ಪೂಜೆ ಅಂದರೆ ಅರ್ಜಿ ಕೊಡುವ ಕಛೇರಿ ಅಂತ ನಮ್ಮಲ್ಲಿ ಎಷ್ಟೋ ಜನ ತಿಳಿದುಕೊಂಡುಬಿಟ್ಟಿದ್ದೇವೆ. ಇಷ್ಟು ಪ್ರದಕ್ಷಿಣೆ, ಇಷ್ಟು ತುಪ್ಪದ ದೀಪ, ಬದಲಿಗೆ ಮಗನಿಗೆ ಕೆಲಸ. ಹರಕೆ ತಪ್ಪೆನ್ನುವುದಿಲ್ಲ, ಕಷ್ಟ ಬಂದಾಗ ಎಲ್ಲರೂ ಹೊತ್ತುಕೊಳ್ಳುತ್ತೇವೆ. ಆದರೆ ಅದರಲ್ಲಿ ಸಂತೋಷ ಎಲ್ಲಿ ಬಂತು? ಕೆಲಸವಾದರೆ ನೆಮ್ಮದಿ, ಆಗದಿದ್ದರೆ ಮುನಿಸು. ಸಂತೋಷ ಬರುವುದು ಯಾರ ಜೊತೆಗಾದರೂ ಸುಮ್ಮನೆ ಕೂರಲು ಇಷ್ಟವಾದಾಗ. ಮಧ್ಯಾಹ್ನ ಅಕ್ಕಿ ಆರಿಸುತ್ತಾ ಜಗಲಿಯ ಮೇಲೆ ಗೆಳತಿಯ ಜೊತೆ ಕೂರುತ್ತೀರಲ್ಲ, ಆಗ ಅವಳಿಂದ ನಿಮಗೇನೂ ಬೇಕಾಗಿರುವುದಿಲ್ಲ. ಆದರೂ ಎದ್ದು ಬರಲು ಮನಸ್ಸಾಗುವುದಿಲ್ಲ. ಹಾಗೆ.

ಅದಕ್ಕೆ ಪುರುಸೊತ್ತು ಎಲ್ಲಿ ಅಂತೀರಾ? ದೋಸೆ ಹೆಂಚಿನ ಮುಂದೆ ನಿಂತಿರುತ್ತೀರಲ್ಲ, ಒಂದು ದೋಸೆ ಬೇಯುವಷ್ಟು ಹೊತ್ತು ಸಾಕು. ನಮ್ಮ ಅಜ್ಜಿಯರ ಕಾಲದಲ್ಲಿ ಬೀಸುವ ಕಲ್ಲು, ಕುಟ್ಟುವ ಒರಳು ಇವೇ ಭಜನಾಮಂದಿರ. ಕಲ್ಲು ತಿರುಗುವಾಗ ಹಾಡು ತಾನಾಗಿ ಬರುತ್ತಿತ್ತು. ಮಿಕ್ಸಿ ಬಂದ ಮೇಲೆ ಕೈನೋವು ಹೋಯಿತು, ಅದರ ಜೊತೆಗೆ ಹಾಡೂ ಹೋಯಿತು. ಮಿಕ್ಸಿಯ ಸದ್ದಿನ ಮುಂದೆ ಯಾರು ಹಾಡುತ್ತಾರೆ? ಹಾಗಂತ ಕಲ್ಲನ್ನು ವಾಪಸು ತನ್ನಿ ಅಂತ ನಾನು ಖಂಡಿತ ಹೇಳುವವಳಲ್ಲ.

ಇನ್ನು ಎರಡನೆಯ ಪ್ರಶ್ನೆ.

ಧನುರ್ಮಾಸದ ಶುಕ್ಲಪಕ್ಷದಲ್ಲಿ ವೈಕುಂಠ ಏಕಾದಶಿ ಬರುತ್ತದೆ. ಆ ದಿನ ವಿಷ್ಣು ದೇವಾಲಯಗಳಲ್ಲಿ ವೈಕುಂಠದ್ವಾರ ತೆರೆಯುತ್ತಾರೆ. ಉತ್ತರದ ಬಾಗಿಲಿನಿಂದ ಹಾಯ್ದು ಬಂದರೆ ವೈಕುಂಠಕ್ಕೆ ದಾರಿ ಅಂತ ನಂಬಿಕೆ. ನಮ್ಮ ಸಣ್ಣ ಊರುಗಳಲ್ಲೂ ಗುಡಿಯ ಮುಂದೆ ಬಾಳೆಕಂಬ, ಹೂವಿನ ಕಮಾನು ಕಟ್ಟಿ ದ್ವಾರ ಮಾಡುತ್ತಾರೆ. ಅದರ ಕೆಳಗೆ ಹಾಯುವಾಗ ಮೈ ಜುಮ್ಮೆನ್ನುವುದು ನಿಜ. ಆದರೆ 2025ರ ಜನವರಿ 8ರಂದು ತಿರುಪತಿಯಲ್ಲಿ ಇದೇ ದ್ವಾರದರ್ಶನದ ಟೋಕನ್ನಿಗಾಗಿ ನಿಂತ ಜನರಲ್ಲಿ ನೂಕುನುಗ್ಗಲಾಗಿ ಆರು ಮಂದಿ ತೀರಿಕೊಂಡರು. ವೈಕುಂಠದ ಬಾಗಿಲಿಗೆ ಯಾಕಮ್ಮಾ ಅಷ್ಟು ಅವಸರ? ಅಷ್ಟು ದೂರ ಹೋಗಲಾಗದವರು ನಿಮ್ಮ ಊರಿನ ಬಾಳೆಕಂಬದ ಕೆಳಗೇ ಹಾಯ್ದು ಬನ್ನಿ. ಒಳಗೆ ಇರುವವನು ಅವನೇ ತಾನೇ?

ಸ್ವರ್ಗ, ವೈಕುಂಠ, ಕೈಲಾಸ ಇವುಗಳ ಬಗ್ಗೆ ನಮ್ಮ ಹಿರಿಯರು ಒಂದೇ ಮಾತು ಹೇಳಲಿಲ್ಲ. ಮಧ್ವಮತದವರು ಹೇಳುವುದು, ಮೋಕ್ಷದಲ್ಲೂ ಜೀವ ಬೇರೆ, ದೇವರು ಬೇರೆ; ಒಬ್ಬೊಬ್ಬರ ಆನಂದ ಅವರವರ ಯೋಗ್ಯತೆಯಂತೆ. ಸಣ್ಣ ತಂಬಿಗೆಯೂ ತುಂಬಿರುತ್ತದೆ, ದೊಡ್ಡ ಹಂಡೆಯೂ ತುಂಬಿರುತ್ತದೆ, ಹೊಟ್ಟೆಕಿಚ್ಚಿಗೆ ಜಾಗವಿಲ್ಲ ಅಂತ ನಾನು ಅರ್ಥಮಾಡಿಕೊಂಡಿದ್ದೇನೆ. ಪಕ್ಕದ ಮನೆಯವಳ ಸೀರೆ ನೋಡಿ ಹೊಟ್ಟೆ ಉರಿಯದಿರುವುದೇ ನನಗಂತೂ ಅರ್ಧ ವೈಕುಂಠ. ಅದ್ವೈತದವರು ಎರಡು ಅನ್ನುವುದೇ ಉಳಿಯುವುದಿಲ್ಲ ಅನ್ನುತ್ತಾರೆ. ಶರಣರಂತೂ ದೇವಲೋಕವನ್ನು ಮೇಲಿನಿಂದ ಇಳಿಸಿ ಅಂಗಳದಲ್ಲಿಟ್ಟರು. ನಿಜ ಹೇಳಿ ಬದುಕಿದರೆ ಅದೇ ದೇವತೆಗಳ ಊರು, ಸುಳ್ಳಿನಲ್ಲಿ ಬದುಕಿದರೆ ಅದೇ ನರಕ ಅನ್ನುವ ಅಭಿಪ್ರಾಯ ಬಸವಣ್ಣನವರದು.

ಆಯ್ದಕ್ಕಿ ಲಕ್ಕಮ್ಮನ ಕಥೆ ಅಡಿಗೆಮನೆಯವರಾದ ನಾವು ಮರೆಯಲೇಬಾರದು. ಗಂಡ ಮಾರಯ್ಯ ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಲಕ್ಕಮ್ಮ ಅದನ್ನೇ ಬೇಯಿಸಿ ಜಂಗಮರಿಗೆ ನೀಡಿ, ಉಳಿದದ್ದನ್ನು ಗಂಡ ಹೆಂಡಿರು ಉಣ್ಣುತ್ತಿದ್ದರು. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚು ಬಂತು. ಬೇರೆ ಹೆಂಗಸಾಗಿದ್ದರೆ ಡಬ್ಬಿ ತುಂಬಿತಲ್ಲ ಅಂತ ಹಿಗ್ಗುತ್ತಿದ್ದಳು. ಇವಳು ಒಂದೇ ನೋಟದಲ್ಲಿ ಕಂಡುಹಿಡಿದು, ನಮಗೆ ಬೇಕಾದಷ್ಟೇ ಸಾಕು, ಮಿಕ್ಕಿದ್ದನ್ನು ಅಲ್ಲೇ ಸುರಿದು ಬಾ ಅಂತ ಗಂಡನನ್ನು ವಾಪಸು ಅಟ್ಟಿದಳು. ಕಾಯಕವೇ ಕೈಲಾಸ ಅನ್ನುವ ಮಾತು ಆ ಮನೆಯದು. ಕೈಲಾಸ ಅನ್ನುವುದು ಆ ಅಳತೆಯ ಪಾವಿನಲ್ಲೇ ಇತ್ತು ಅನ್ನಿ.

ಕನಕದಾಸರ ಒಂದು ಪ್ರಸಂಗವನ್ನೂ ಹೇಳುತ್ತಾರೆ. ಗುರುಗಳಾದ ವ್ಯಾಸರಾಯರು ಸಭೆಯಲ್ಲಿ, ಇಲ್ಲಿ ಯಾರು ಮೋಕ್ಷಕ್ಕೆ ಹೋಗುತ್ತೀರಿ ಅಂತ ಕೇಳಿದರಂತೆ. ಪಂಡಿತರೆಲ್ಲ ತಲೆ ತಗ್ಗಿಸಿದರು. ಕನಕದಾಸರು ಮಾತ್ರ ‘ನಾನು’ ಹೋದರೆ ಹೋಗಬಹುದು ಅಂದರು. ಎಂಥ ಸೊಕ್ಕು ಅಂತ ಸಭೆ ಗುಜುಗುಜು. ಆಮೇಲೆ ತಿಳಿಯಿತು, ಹೋಗಬೇಕಾದದ್ದು ಒಳಗಿನ ‘ನಾನು’ ಅಂತ.

ಹಾಗಾದರೆ ವೈಕುಂಠವನ್ನು ಬಯಸುವುದೇ ಬೇಡವೇ? ಬಯಸಬೇಕು. ನಾನು ಹೆಣ್ಣಾಗಿ ಇದನ್ನು ತವರಿನ ಲೆಕ್ಕದಲ್ಲಿ ನೋಡುತ್ತೇನೆ. ಉತ್ತರ ಕರ್ನಾಟಕದ ಸೋದರಿಯರಿಗೆ ಇದು ಬೇಗ ತಿಳಿಯುತ್ತದೆ. ನಾಗರಪಂಚಮಿ ಹತ್ತಿರ ಬಂದರೆ ಅಣ್ಣ ಕರೆಯಲು ಬರುತ್ತಾನೆ, ಜೋಕಾಲಿ, ಉಂಡಿ, ಗೆಳತಿಯರು ಅಂತ ಹೊಸ ಸೊಸೆ ದಿನ ಎಣಿಸುತ್ತಾಳೆ. ಆ ದಿನಗಳಲ್ಲಿ ಅವಳನ್ನು ಗಮನಿಸಿ. ಕೆಲಸ ಬಿಟ್ಟು ಕೂರುತ್ತಾಳೆಯೇ? ಇಲ್ಲ. ಕಸ ಗುಡಿಸುವಾಗಲೂ ಕಾಲಲ್ಲಿ ಕುಣಿತ. ಅತ್ತೆ ಎರಡು ಮಾತು ಅಂದರೂ ಕಿವಿಗೆ ಹೋಗುವುದಿಲ್ಲ. ಕಣ್ಣು ಬಾಗಿಲ ಕಡೆ, ಕೈ ರೊಟ್ಟಿಯ ಮೇಲೆ. ದೇವರನ್ನು ಬಯಸಿದವರ ಹಂಬಲ ಹೀಗೇ. ಹೆಳವನಕಟ್ಟೆ ಗಿರಿಯಮ್ಮನನ್ನು ನೋಡಿ. ರಾಣೆಬೆನ್ನೂರಿನಲ್ಲಿ ಹುಟ್ಟಿ ಮಲೇಬೆನ್ನೂರಿಗೆ ಸೊಸೆಯಾಗಿ ಹೋದ ಹದಿನೆಂಟನೆಯ ಶತಮಾನದ ಹೆಣ್ಣುಮಗಳು. ಮನಸ್ಸೆಲ್ಲ ಹೆಳವನಕಟ್ಟೆಯ ರಂಗನ ಮೇಲೆ. ಆ ಹಂಬಲದಲ್ಲಿ ಅವಳು ಮೂಲೆ ಹಿಡಿಯಲಿಲ್ಲ. ಹಾಡುಗಳನ್ನು ಕಟ್ಟಿದಳು, ಚಂದ್ರಹಾಸನ ಕಥೆಯನ್ನು ಬರೆದಳು. ಅವಳ ನಂತರದ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವ ಭೀಮೇಶಕೃಷ್ಣನ ಹೆಸರಿಟ್ಟು ಹಾಡಿದ ಹಾಡುಗಳು ಇವತ್ತಿಗೂ ನಿಮ್ಮ ಮನೆಯ ಹಳೇ ಹಾಡಿನ ಪುಸ್ತಕದಲ್ಲಿ ಇದ್ದಾವು, ತೆಗೆದು ನೋಡಿ.

ಆದರೆ ಸೊಸೆ ತವರಿಗೆ ಹೋಗಬೇಕೆನ್ನುವುದು ಎರಡು ಥರ ಇರುತ್ತದೆ. ತವರು ಕರೆಯುತ್ತದೆ ಅಂತ ಹೋಗುವುದು ಒಂದು. ಇಲ್ಲಿ ಇರಲಾರೆ ಅಂತ ಹೊರಟುಬಿಡುವುದು ಇನ್ನೊಂದು. ನಿಮ್ಮ ಪತ್ರವನ್ನು ನಾನು ಮೂರು ಸಲ ಓದಿದೆ, ಸೋದರಿ. ವೈಕುಂಠದಲ್ಲಿ ಏನಿದೆ ಅಂತ ಅದರಲ್ಲಿ ಒಂದು ಮಾತೂ ಇಲ್ಲ. ಎರಡು ವರ್ಷದಿಂದ ರಾತ್ರಿ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಮೊದಲು ಇಷ್ಟವಾಗುತ್ತಿದ್ದ ರಂಗೋಲಿಯೂ ಈಗ ಬೇಡ ಅಂತ ಇದೆ. ಇದು ಭಕ್ತಿಯ ಹಂಬಲ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಇದು ದಣಿವು. ದಣಿವಿಗೆ ವೈಕುಂಠದ ಹೆಸರಿಟ್ಟರೆ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಪಾಪ, ಎಷ್ಟು ದೈವಭಕ್ತೆ ಅಂತ ಸುಮ್ಮನಾಗುತ್ತಾರೆ. ನಮ್ಮ ಹೆಣ್ಣುಮಕ್ಕಳ ಎಷ್ಟೋ ಸಂಕಟ ಹೀಗೆ ದೇವರಕೋಣೆಯಲ್ಲೇ ಮುಚ್ಚಿಹೋಗಿದೆ.

ಆದ್ದರಿಂದ ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ನಿದ್ದೆ, ಊಟದ ವಿಷಯ ಬಿಚ್ಚಿ ಹೇಳಿ. ಬೇಗ ಹೋಗಿಬಿಡೋಣ ಅನ್ನಿಸುವುದನ್ನೂ ಮುಚ್ಚಿಡದೆ ಹೇಳಿ. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 2022ರಲ್ಲಿ ಶುರುವಾದದ್ದು. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಥ ಯೋಚನೆ ಜೋರಾಗಿ ಬಂದ ದಿನ ಬೆಳಗಾಗಲಿ ಅಂತ ಕಾಯಬೇಡಿ. ಇದರಿಂದ ದೇವರಿಗೆ ಬೇಸರವಾಗುತ್ತದೆ ಅಂದುಕೊಳ್ಳಬೇಡಿ. ಮಂಡಿ ನೋವಿಗೆ ಎಣ್ಣೆ ಹಚ್ಚಿದರೆ ಬೇಸರ ಮಾಡಿಕೊಂಡನೇ?

ಹಾಗೆಯೇ ಇಬ್ಬರು ಹೆಣ್ಣುಮಕ್ಕಳಿಗೂ ಕಾಗದ ಬರೆಯಿರಿ, ಇಲ್ಲವೇ ಫೋನು ಮಾಡಿ, ತಿಂಗಳಿಗೊಮ್ಮೆ ಒಬ್ಬೊಬ್ಬರು ಬಂದು ಎರಡು ದಿನ ಅಜ್ಜಿಯನ್ನು ನೋಡಿಕೊಳ್ಳಲಿ. ಆ ಎರಡು ದಿನ ನೀವು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಲಗಿ. ಮನೆಯವರು ನಕ್ಕರು ಅಂದಿರಲ್ಲ, ಅವರಿಗೆ ಬೆಳಗಿನ ಹುಗ್ಗಿಯ ಬೇಳೆ ಹುರಿಯುವ ಕೆಲಸ ಕೊಡಿ. ಕೈಬಿಡದೆ ತಿರುವುತ್ತಿರಬೇಕು, ಇಲ್ಲದಿದ್ದರೆ ತಳ ಹತ್ತುತ್ತದೆ, ನಗಲು ಪುರುಸೊತ್ತು ಇರುವುದಿಲ್ಲ.

ಇನ್ನು ಅತ್ತೆಯವರು. ಹಾಸಿಗೆ ಹಿಡಿದಿದ್ದರೂ ಮಾತು ಸ್ಪಷ್ಟವಿದೆ ಅಂತ ಬರೆದಿದ್ದೀರಿ. ಆ ವಯಸ್ಸಿನವರಿಗೆ ಆರತಿ ಹಾಡು, ಹಸೆಗೆ ಕರೆಯುವ ಹಾಡು, ಉದಯರಾಗ ಎಷ್ಟೋ ಬಾಯಲ್ಲೇ ಇರುತ್ತವೆ. ಅವರ ತಲೆ ಬಾಚುವಾಗ ದಿನಕ್ಕೊಂದು ಹೇಳಿಸಿ, ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮರೆತ ಸಾಲು ಇದ್ದರೆ ಜಾಗ ಬಿಟ್ಟಿರಿ, ಎರಡು ದಿನ ಬಿಟ್ಟು ಅವರಿಗೇ ನೆನಪಾಗುತ್ತದೆ. ಅದರಲ್ಲಿ ಒಳ್ಳೆಯದೊಂದನ್ನು ಸಂಕ್ರಾಂತಿಯ ಒಳಗೆ ನಮಗೆ ಕಳಿಸಿದರೆ ಸಂತೋಷ.